ತಂಪನ್ನು ಕಾಯುವ ಕಿರುಪೆಟ್ಟಿಗೆ: ತಡವಾಗಿ ಕಲಿತ ಒಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಹಳೆಯ ನೆನಪುಗಳನ್ನು ಬರೆಯುವವರು ಬಹಳ ಮಂದಿ ಇದ್ದಾರೆ. ಆದುದರಿಂದ ನಾನು ಒಂದು ಪಾಠವನ್ನೇ ಬರೆದುಕೊಡುತ್ತೇನೆಂದು ಸಂಪಾದಕ ಮಂಡಳಿಯವರಿಗೆ ತಿಳಿಸಿದೆ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಾನು ತಾಳವಾಡಿಯ ಈ ಸೀಮೆಯಲ್ಲಿ ಮೂರು ದಶಕಗಳ ಕಾಲ ಮಕ್ಕಳಿಗೆ ಉಷ್ಣದ ಪಾಠವನ್ನು ಹೇಳಿದವನು. ಆ ಪಾಠವನ್ನು ನಾನೇ ಪೂರ್ತಿಯಾಗಿ ಕಲಿತಿರಲಿಲ್ಲವೆಂಬುದು ನಿವೃತ್ತನಾದ ಮೇಲೆ ನನಗೆ ತಿಳಿಯಿತು.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ನನ್ನ ಧರ್ಮಪತ್ನಿಗೆ ಬೇಕಾದ ಇನ್ಸುಲಿನ್ ಔಷಧಿ ಆ ವಾರ ಊರಿನಲ್ಲಿ ಸಿಗದೆ, ಸತ್ಯಮಂಗಲದಿಂದ ತರಬೇಕಾಯಿತು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕೆಂಬುದನ್ನು ಬಲ್ಲೆ. ಒಂದು ಪುಟ್ಟ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಫ್ರೀಜರಿನಿಂದ ಆಗತಾನೆ ತೆಗೆದ ಎರಡು ಮಂಜುಗಡ್ಡೆಯ ಪೊಟ್ಟಣಗಳ ನಡುವೆ ಸೀಸೆಗಳನ್ನು ಒತ್ತಿ ಇಟ್ಟು, ದಿಂಬಂ ಘಟ್ಟದ 27 ತಿರುವುಗಳನ್ನು ಬಸ್ಸಿನಲ್ಲಿ ಹತ್ತಿ ಬಂದೆ. ಮನೆಯಲ್ಲಿ ತೆರೆದು ನೋಡಿದಾಗ ಔಷಧಿ ಹೆಪ್ಪುಗಟ್ಟಿತ್ತು. ಎಷ್ಟು ಚೆನ್ನಾಗಿ ತಂಪು ಉಳಿದಿದೆಯೆಂದು ಹಿಗ್ಗಿದೆ. ಫ್ರಿಜ್ಜಿನಲ್ಲಿ ಇಟ್ಟ ಮೇಲೆ ಅದು ಕರಗಿ ಮೊದಲಿನಂತೆಯೇ ಕಂಡಿತು.

ಆದರೆ ಸೂಜಿ ಹಾಕಿಕೊಂಡರೂ ಆಕೆಯ ರಕ್ತದ ಸಕ್ಕರೆ ದಿನೇ ದಿನೇ ಏರತೊಡಗಿತು. ನೋಡಲು ಬಂದ ನನ್ನ ಹಳೆಯ ವಿದ್ಯಾರ್ಥಿನಿ, ಈಗ ದಾದಿಯಾಗಿರುವವಳು, ಕೇಳಿದ ಮೊದಲ ಪ್ರಶ್ನೆ: "ಮೇಷ್ಟ್ರೇ, ಔಷಧಿ ಎಲ್ಲಾದರೂ ಗಡ್ಡೆ ಕಟ್ಟಿತ್ತಾ?" ಹೌದೆಂದೆ. "ಹಾಗಾದರೆ ಅದರ ಗುಣ ಹೋಯಿತು. ಕರಗಿದರೂ ಮತ್ತೆ ಬರುವುದಿಲ್ಲ" ಎಂದಳು. ಮರುದಿನವೇ ಹೊಸ ಔಷಧಿ ತರಿಸಿದೆವು. ದೇವರ ದಯೆಯಿಂದ ಆಕೆ ಚೇತರಿಸಿಕೊಂಡಳು. ತಪ್ಪು ಅಂಗಡಿಯವರದ್ದಲ್ಲ, ಬಸ್ಸಿನವರದ್ದಲ್ಲ, ನನ್ನದು.

ಇನ್ನು ಪಾಠಕ್ಕೆ ಬರೋಣ. ಮಂಜುಗಡ್ಡೆಗೆ ಕಂಬಳಿ ಹೊದಿಸಿದರೆ ಬೇಗ ಕರಗುವುದೋ ತಡವಾಗಿ ಕರಗುವುದೋ ಎಂದು ನಾನು ತರಗತಿಯಲ್ಲಿ ಕೇಳುತ್ತಿದ್ದುದು ನಿಮಗೆ ನೆನಪಿರಬಹುದು. ತಡವಾಗಿಯೇ ಕರಗುತ್ತದೆ. ಕಂಬಳಿಯು ಬಿಸಿಯನ್ನು ಕೊಡುವುದಿಲ್ಲ, ಹಾದುಹೋಗುವ ಬಿಸಿಯನ್ನು ತಡೆಯುತ್ತದೆ. ಅದರ ಎಳೆಗಳ ನಡುವೆ ಸಿಕ್ಕಿಕೊಂಡು ನಿಶ್ಚಲವಾದ ಗಾಳಿಯೇ ಅದರ ಬಲ. ಥರ್ಮೋಕೋಲಿನ ಗುಟ್ಟೂ ಇದೇ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ಬಂದುದೂ ಇಂತಹ ನಿರೋಧಕ ಹೊದಿಕೆಯ ಬಲದಿಂದಲೇ. ನಾಲ್ಕು ತಿಂಗಳ ಉಷ್ಣವಲಯದ ಪಯಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉಳಿಯಿತು. ಮದರಾಸಿನ ಕಡಲತಡಿಯಲ್ಲಿ ಅಂತಹ ಮಂಜುಗಡ್ಡೆಗೆಂದು ಕಟ್ಟಿದ ಮನೆಯೇ ಇಂದಿನ ವಿವೇಕಾನಂದ ಭವನ.

ಹಡಗಿನಲ್ಲಿ ಸ್ಥಳವುಂಟು, ಬಸ್ಸಿನ ಚೀಲದಲ್ಲಿ ಇಲ್ಲ. ಪೆಟ್ಟಿಗೆ ಚಿಕ್ಕದಾದಷ್ಟೂ ತೊಡಕು ಹೆಚ್ಚು. ಇದಕ್ಕೆ ಕಾರಣವನ್ನು ಗಣಿತದಿಂದ ತಿಳಿಯಬಹುದು. ಬಿಸಿಯು ಮೇಲ್ಮೈಯಿಂದ ಒಳಹೊಗುತ್ತದೆ. ಸರಕು ಗಾತ್ರದಲ್ಲಿ ನಿಲ್ಲುತ್ತದೆ. 20 ಸೆಂಟಿಮೀಟರ್ ಬಾಹುವಿನ ಘನಾಕೃತಿಗೆ ಗಾತ್ರ 8 ಲೀಟರ್, ಮೇಲ್ಮೈ 2,400 ಚದರ ಸೆಂಟಿಮೀಟರ್, ಅಂದರೆ ಲೀಟರಿಗೆ 300. ಬಾಹುವನ್ನು 10ಕ್ಕೆ ಇಳಿಸಿದರೆ ಗಾತ್ರ ಒಂದೇ ಲೀಟರ್, ಮೇಲ್ಮೈ 600. ಲೀಟರಿಗೆ ಎರಡರಷ್ಟು ಬಿಸಿ ನುಗ್ಗಿತು! ಆಕಾರವೂ ಮುಖ್ಯ. ಅದೇ 8 ಲೀಟರನ್ನು 80, 10, 10 ಸೆಂಟಿಮೀಟರ್ ಅಳತೆಯ ಉದ್ದ ಪೆಟ್ಟಿಗೆಯಾಗಿಸಿದರೆ ಮೇಲ್ಮೈ 3,400ಕ್ಕೆ ಏರುತ್ತದೆ. ಆದುದರಿಂದ ಘನಾಕೃತಿಗೆ ಹತ್ತಿರವಾದ ಪೆಟ್ಟಿಗೆಯೇ ಮಿತವ್ಯಯದ್ದು.

ಎರಡನೆಯದು ಗೋಡೆಯ ದಪ್ಪ. ಹೊರಗೆ 30 ಸೆಂಟಿಮೀಟರ್ ಬಾಹುವುಳ್ಳ ಪೆಟ್ಟಿಗೆಯ ಗಾತ್ರ 27 ಲೀಟರ್. ಇದಕ್ಕೆ 5 ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಗೋಡೆ ಕೊಟ್ಟರೆ ಒಳಗೆ ಉಳಿಯುವುದು 8 ಲೀಟರ್ ಮಾತ್ರ. ಹೊರಗೆ 40 ಡಿಗ್ರಿ, ಒಳಗೆ 5 ಡಿಗ್ರಿಯಿದ್ದರೆ, ಒಂದು ದಿನದಲ್ಲಿ ನುಗ್ಗುವ ಬಿಸಿಯನ್ನು ನುಂಗಲು ಸುಮಾರು ಎರಡೂವರೆ ಕಿಲೋ ಮಂಜುಗಡ್ಡೆ ಕರಗಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗುವಾಗ 80 ಕ್ಯಾಲರಿ ಹೀರುತ್ತದೆಂಬ ಗುಪ್ತೋಷ್ಣದ ಲೆಕ್ಕವೇ ಇದು. ಆ ಮಂಜುಗಡ್ಡೆಯೂ ಒಳಗೇ ಕುಳಿತರೆ ಸರಕಿಗೆ ಉಳಿಯುವುದು ಐದೇ ಲೀಟರ್ ಚಿಲ್ಲರೆ. ಪಾಲಿಯುರೆಥೇನ್ ನೊರೆಯಾದರೆ ಸುಮಾರು ಮೂರನೆಯ ಎರಡು ಪಾಲು ದಪ್ಪ ಸಾಕು. ಇಂದು ನಿರ್ವಾತ ಫಲಕಗಳೂ ಬಂದಿವೆ. ಸೂಕ್ಷ್ಮರಂಧ್ರಗಳ ಹಲಗೆಯನ್ನು ಗಾಳಿ ಹೋಗದ ಹಾಳೆಯಲ್ಲಿ ಸುತ್ತಿ, ಒಳಗಿನ ಗಾಳಿಯನ್ನು ಹೀರಿ ತೆಗೆದು ಅವನ್ನು ಮಾಡುತ್ತಾರೆ. ನಮ್ಮ ಥರ್ಮಾಸ್ ಫ್ಲಾಸ್ಕಿನ ತತ್ತ್ವವೇ ಅಲ್ಲಿಯೂ ಉಂಟು. ಅಂತಹ ಫಲಕ ಒಂದೇ ಸೆಂಟಿಮೀಟರ್ ದಪ್ಪವಿದ್ದರೂ ಹೆಚ್ಚುಕಡಿಮೆ ಅಷ್ಟೇ ತಡೆ ಕೊಡಬಲ್ಲದು. ಆಗ ಅದೇ ಹೊರ ಅಳತೆಯಲ್ಲಿ ಒಳಗೆ ಸುಮಾರು 22 ಲೀಟರ್ ಸ್ಥಳ! ಆದರೆ ಅದನ್ನು ಕತ್ತರಿಸುವಂತಿಲ್ಲ, ಮೊಳೆ ತಾಗಿ ತೂತಾದರೆ ಅದರ ಗುಣ ಬಹುಪಾಲು ಹೋಗುತ್ತದೆ, ಬೆಲೆಯೂ ಹೆಚ್ಚು. ಕೆಲವು ಪೆಟ್ಟಿಗೆಗಳ ಫಲಕಗಳನ್ನು ಖಾಲಿಯಾದ ಮೇಲೆ ಬಿಡಿಸಿ, ಮಡಿಸಿ, ಹಿಂದಕ್ಕೆ ಕಳುಹಿಸಬಹುದು.

ಮೂರನೆಯದು ನಾನು ಎಡವಿದ ಜಾಗ. ಫ್ರೀಜರಿನ ಮಂಜುಗಡ್ಡೆಯು ಸೊನ್ನೆ ಡಿಗ್ರಿಯಲ್ಲಿರುವುದಿಲ್ಲ. ಅದು ಸೊನ್ನೆಗಿಂತ 18 ಡಿಗ್ರಿಯಷ್ಟು ಕೆಳಗೆ ಇರುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಸರಕನ್ನು ದೂರ ಇಡಬಹುದು. ಚಿಕ್ಕದರಲ್ಲಿ ತಾಗಿಯೇ ತೀರುತ್ತದೆ. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ಮಕ್ಕಳಿಗೆ ಟೆಟನಸ್ ಚುಚ್ಚುಮದ್ದು ಹಾಕಲು ಶಾಲೆಗೆ ಬರುತ್ತಿದ್ದ ದಾದಿಯರ ಲಸಿಕೆ ಪೆಟ್ಟಿಗೆಯಲ್ಲಿ ನಾಲ್ಕು ಗೋಡೆಗಳಿಗೂ ಒಂದೊಂದು ಮಂಜುಗಡ್ಡೆಯ ಪೊಟ್ಟಣವಿರುತ್ತಿತ್ತು. ಅವನ್ನು ಇಡುವ ಮುನ್ನ ಹೊರಗೆ ಬಿಟ್ಟು, ಕಿವಿಯ ಬಳಿ ಅಲುಗಾಡಿಸಿ, ನೀರಿನ ಸಪ್ಪಳ ಕೇಳಿದ ಮೇಲೆಯೇ ಇಡಬೇಕು. ನೀರೂ ಮಂಜುಗಡ್ಡೆಯೂ ಕೂಡಿದ್ದರೆ ಉಷ್ಣತೆ ಸೊನ್ನೆಗೆ ಬಂದಿತೆಂದು ಅರ್ಥ. ಪೋಲಿಯೋ ಹನಿಗೆ ಬಿಸಿಯ ಭಯವೇ ಹೊರತು ಹೆಪ್ಪುಗಟ್ಟುವ ಭಯವಿಲ್ಲ. ಟೆಟನಸ್ ಲಸಿಕೆಗೂ ಇನ್ಸುಲಿನ್ನಿಗೂ ಹೆಪ್ಪುಗಟ್ಟುವುದೇ ಗಂಡಾಂತರ. ಈಗ ಮಂಜುಗಡ್ಡೆಯ ಬದಲು 5 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ವಿಶೇಷ ಪದಾರ್ಥಗಳ ಪೊಟ್ಟಣಗಳೂ ದೊರೆಯುತ್ತವೆ. ಅವು ಆಯಾ ತಯಾರಕರು ಹೇಳಿದ ಉಷ್ಣತೆಯಲ್ಲಿದ್ದರೆ ಈ ಅಪಾಯ ತಪ್ಪುತ್ತದೆ.

ದಾದಿಯರು ಪೊಟ್ಟಣವನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸುವುದನ್ನು ನನ್ನ ಶಾಲೆಯ ಜಗಲಿಯಲ್ಲಿಯೇ ನಾನು ಕಂಡಿದ್ದೆ. ಏಕೆಂದು ಒಮ್ಮೆಯೂ ಕೇಳಲಿಲ್ಲ. "ಪ್ರಶ್ನೆ ಕೇಳಿ" ಎಂದು ನಿಮಗೆಲ್ಲ ಹೇಳುತ್ತಿದ್ದವನು ನಾನೇ.

ದೂರದ ಪಟ್ಟಣದಿಂದ ಔಷಧಿ ತರುವ ನಮ್ಮ ಕುಟುಂಬಗಳು ಇಷ್ಟನ್ನು ನೆನಪಿಡಲಿ. ಪೆಟ್ಟಿಗೆ ಸರಕಿನ ಅಳತೆಗೆ ಹೊಂದಿರಲಿ, ಒಳಗೆ ಖಾಲಿ ಜಾಗವನ್ನು ಬಟ್ಟೆ ತುರುಕಿ ಮುಚ್ಚಿರಿ. ಮುಚ್ಚಳದ ಸಂದಿಗೆ ಅಂಟುಪಟ್ಟಿ ಹಾಕಿ, ದಾರಿಯಲ್ಲಿ ತೆರೆಯಬೇಡಿರಿ. ಪೊಟ್ಟಣವನ್ನು ಅಲುಗಾಡಿಸಿ ಸಪ್ಪಳ ಕೇಳಿರಿ. ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆಗೆ ತಾಗದಂತೆ ಇಡಿರಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ನನ್ನು, ಎಷ್ಟೇ ತಿಳಿಯಾಗಿ ಕಂಡರೂ, ಬಳಸಬೇಡಿರಿ.

ಈಗಲೂ ನಾನು ಸತ್ಯಮಂಗಲಕ್ಕೆ ಹೊರಟರೆ ನನ್ನ ಧರ್ಮಪತ್ನಿ ಪೆಟ್ಟಿಗೆಯನ್ನು ಕೈಗಿಡುತ್ತಾ, "ಸಪ್ಪಳ ಕೇಳಿಸಿಕೊಂಡು ಇಡಿ" ಎನ್ನುತ್ತಾಳೆ. ನಮ್ಮ ಶಾಲೆಯ ಮಕ್ಕಳೆಲ್ಲರಿಗೂ ಶುಭವಾಗಲಿ.