ಚಿತ್ರ ನೋಡಿ ಕೌದಿ ಹೊಲಿಯುವುದು ಹೇಗೆ?

ಪ್ರಶ್ನೆ: ಮೊಂಡ್ರಿಯಾನ್, ರೋಥ್ಕೊ ಅವರ ಅಮೂರ್ತ ಚಿತ್ರಗಳೆಂದರೆ ನನಗೆ ಬಹಳ ಇಷ್ಟ. ಅವುಗಳ ಪ್ರೇರಣೆಯಿಂದ ಗೋಡೆಗೆ ತೂಗುಹಾಕುವಂಥ ಕೌದಿ ಹೊಲಿಯಬೇಕೆಂದಿದ್ದೇನೆ. ಅದು ಬರೀ ನಕಲಾಗದಂತೆ ಮಾಡುವುದು ಹೇಗೆ?

ಉತ್ತರ: ಚಿತ್ರಕಲೆ ಮುಂದೆ, ಹೊಲಿಗೆ ಅದರ ಹಿಂದೆ ಎಂಬ ಎಣಿಕೆಯನ್ನು ಮೊದಲು ಬಿಡಿ. 1911ರಲ್ಲಿ ಪ್ಯಾರಿಸಿನಲ್ಲಿದ್ದ ಕಲಾವಿದೆ ಸೋನಿಯಾ ಡೆಲೋನೆ ತಮ್ಮ ಹಸುಗೂಸಿಗೆ ಬಟ್ಟೆ ಚೂರುಗಳ ಹೊದಿಕೆ ಹೊಲಿದರು. ತಮ್ಮ ನಾಡಿನ ರೈತರ ಮನೆಗಳಲ್ಲಿ ಕಂಡ ಹೊದಿಕೆಗಳು ಅವರ ಮನಸ್ಸಿನಲ್ಲಿದ್ದವು. ಮುಗಿದಾಗ ಅದು ಕ್ಯೂಬಿಸ್ಟ್ ಚಿತ್ರದಂತೆ ಕಂಡಿತು. ಆಮೇಲೆ ಅದೇ ಬಗೆಯನ್ನು ಕ್ಯಾನ್ವಾಸಿಗೂ ತಂದರು. ಬಟ್ಟೆಯಿಂದ ಚಿತ್ರಕ್ಕೆ ಹೋದ ದಾರಿ ಅದು! 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಮೆರಿಕದ ಹಳೆಯ ಕ್ವಿಲ್ಟ್‌ಗಳನ್ನು ಚಿತ್ರಗಳ ಹಾಗೆ ಗೋಡೆಗೆ ಹಾಕಿತು. ರೋಥ್ಕೊ ಹುಟ್ಟುವ ಮೊದಲೇ ಮನೆಯ ಹೆಂಗಸರು ಬಣ್ಣದ ಪಟ್ಟಿ, ಚೌಕಗಳನ್ನು ಎಷ್ಟು ಧೈರ್ಯದಿಂದ ಜೋಡಿಸಿದ್ದರೆಂದು ಜನ ಆಗ ಕಣ್ಣಾರೆ ಕಂಡರು.

ಹಾಗಾಗಿ ಚಿತ್ರದ ಗೆರೆಗಳನ್ನು ಬಟ್ಟೆಗೆ ಇಳಿಸಬೇಡಿ. ಅದರಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಯಾವುದೋ ಅದೊಂದನ್ನೇ ತೆಗೆದುಕೊಳ್ಳಿ: ದೊಡ್ಡ ಬಿಳಿಯ ಪಕ್ಕದ ಚಿಕ್ಕ ಕೆಂಪು, ಅಥವಾ ಒಂದೇ ಬಣ್ಣದ ಎರಡು ಛಾಯೆಗಳ ನಡುವಿನ ಸೆಳೆತ. ಉಳಿದದ್ದನ್ನು ಬಟ್ಟೆ ನಿರ್ಧರಿಸಲಿ. ಬಟ್ಟೆಗೆ ತನ್ನದೇ ಹಟವಿದೆ. ಮೊಂಡ್ರಿಯಾನರ ಕಪ್ಪು ಗೆರೆ ಅರ್ಧ ಇಂಚು ಕಾಣಬೇಕೆಂದರೆ, ಎರಡೂ ಬದಿ ಕಾಲಿಂಚು ಹೊಲಿಗೆಗೆ ಹೋಗುವುದರಿಂದ ಒಂದಿಂಚಿನ ಪಟ್ಟಿ ಕತ್ತರಿಸಬೇಕು. ರೋಥ್ಕೊ ಇನ್ನೂ ಕಷ್ಟ. ಅವರ ಬಣ್ಣಗಳ ಅಂಚು ಮಂಜಿನಂತೆ ಕರಗುತ್ತದೆ, ಹೊಲಿದ ಅಂಚು ಮಾತ್ರ ಖಚಿತವಾಗಿ ನಿಲ್ಲುತ್ತದೆ. ತೊಳೆದು ತೊಳೆದು ಬಣ್ಣ ಮಾಸಿದ ಹತ್ತಿ ಸೀರೆ ಇಲ್ಲಿ ಒದಗುತ್ತದೆ. ಅಂಚಿನ ಮೇಲೆ ತೆಳು ಮಲ್ ಬಟ್ಟೆ ಹೊದಿಸಿ ಹೊಲಿದರೆ ಎರಡು ಬಣ್ಣಗಳು ಒಂದರೊಳಗೊಂದು ಇಳಿದಂತೆ ಕಾಣುತ್ತವೆ. ಹೊಸ ಬಟ್ಟೆಯಾದರೆ ಮೊದಲೇ ನೆನೆಸಿ ಒಣಗಿಸಿ. ಗಾಢ ಕೆಂಪು ಬಣ್ಣ ಬಿಟ್ಟರೆ ಇಡೀ ಕೌದಿ ಕೆಡುತ್ತದೆ.

ಅವಕಾಶವಿದ್ದರೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿ ಬನ್ನಿ. ಅವರು ಅಂಚಿನಿಂದ ಶುರುಮಾಡಿ, ಚೂರಿಗೆ ಚೂರು ಸೇರಿಸುತ್ತ, ಸುತ್ತಿಕೊಂಡು ನಡುವಿಗೆ ಬರುತ್ತಾರೆ. ಮುಂದಿನ ಬಣ್ಣ ಯಾವುದೆಂಬುದು ಹೊಲಿಯುತ್ತಲೇ ತೀರ್ಮಾನವಾಗುತ್ತದೆ. ನನ್ನ ಮಟ್ಟಿಗೆ ಅಮೂರ್ತ ಕಲೆಯ ಪಾಠ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಗದು.

ನೀವೂ ಹೀಗೇ ಚೂರುಗಳನ್ನು ನೆಲದ ಮೇಲೆ ಹರಡಿ, ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಎಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿದರೆ ತಿಳಿ-ಗಾಢ ಸಾಲದು ಎಂದರ್ಥ. ಒಂದೆರಡು ಚೂರು ಬದಲಿಸಿ. ಪದರಗಳನ್ನು ಹಿಡಿದಿಡುವ ಕೈಹೊಲಿಗೆಯನ್ನು ಕೊನೆಗೆ ಹಾಕಿ, ಅದೂ ಬಟ್ಟೆಗಿಂತ ಬೇರೆ ಬಣ್ಣದ ದಾರದಲ್ಲಿ. ಆ ಸಾಲುಗಳು ಚೂರುಗಳ ಎಲ್ಲೆ ದಾಟಿ ಓಡಲಿ.