ಋತುವಿಗೆ ತಕ್ಕ ಊಟ: ಚೀನೀ ವೈದ್ಯದ ಕ್ರಮ

ಚೀನಾದ ಪಾರಂಪರಿಕ ವೈದ್ಯದ ಮೂಲಗ್ರಂಥವಾದ ‘ಹುವಾಂಗ್‌ದಿ ನೇಯ್‌ಜಿಂಗ್’ ವಸಂತ ಮತ್ತು ಬೇಸಿಗೆಯಲ್ಲಿ ಯಾಂಗ್ ಅನ್ನು, ಅಂದರೆ ಬಿಸಿ ಹಾಗೂ ಚಲನೆಯ ಶಕ್ತಿಯನ್ನು, ಶರತ್ಕಾಲ ಮತ್ತು ಚಳಿಗಾಲದಲ್ಲಿ ಯಿನ್ ಅನ್ನು, ಅಂದರೆ ತಂಪು ಹಾಗೂ ತೇವದ ಶಕ್ತಿಯನ್ನು ಪೋಷಿಸಬೇಕೆಂದು ವಿಧಿಸುತ್ತದೆ. ಈ ವಿಧಿಯನ್ನು ಅಡುಗೆಮನೆಗೆ ತರಲು ಮೊದಲು ಆಹಾರದ ಗುಣವನ್ನು ಗುರುತಿಸಬೇಕು. ಮುಟ್ಟಿದಾಗಿನ ಬಿಸಿ-ತಂಪನ್ನಲ್ಲ, ತಿಂದ ಬಳಿಕ ದೇಹದ ಮೇಲಾಗುವ ಪರಿಣಾಮವನ್ನು ಆಧರಿಸಿ ಅಲ್ಲಿ ಆಹಾರವನ್ನು ಶೀತ, ತಂಪು, ಸಮ, ಬೆಚ್ಚನೆ, ಉಷ್ಣ ಎಂದು ವಿಂಗಡಿಸಲಾಗುತ್ತದೆ. ಕಲ್ಲಂಗಡಿ, ಹಾಗಲಕಾಯಿ ಶೀತದವು, ಅಕ್ಕಿ ಸಮವಾದುದು, ಕುರಿಮಾಂಸ ಉಷ್ಣದ್ದು.

ಎರಡನೆಯದಾಗಿ ಋತು, ಅಂಗ, ರುಚಿಗಳ ನಂಟನ್ನು ತಿಳಿಯಬೇಕು. ವಸಂತಕ್ಕೆ ಯಕೃತ್ತು ಮತ್ತು ಹುಳಿ, ಬೇಸಿಗೆಗೆ ಹೃದಯ ಮತ್ತು ಕಹಿ, ಬೇಸಿಗೆಯ ಕೊನೆಯ ತೇವದ ದಿನಗಳಿಗೆ ಗುಲ್ಮ ಮತ್ತು ಸಿಹಿ, ಶರತ್ಕಾಲಕ್ಕೆ ಶ್ವಾಸಕೋಶ ಮತ್ತು ಖಾರ, ಚಳಿಗಾಲಕ್ಕೆ ಮೂತ್ರಪಿಂಡ ಮತ್ತು ಉಪ್ಪು ಸೇರುತ್ತವೆ. ಇಲ್ಲಿ ಗುಲ್ಮವೆಂದರೆ ಅಂಗರಚನಾಶಾಸ್ತ್ರದ ಗುಲ್ಮವಲ್ಲ, ಮುಖ್ಯವಾಗಿ ಜೀರ್ಣಶಕ್ತಿ.

ಈ ಪಟ್ಟಿಯನ್ನು ನೋಡಿ ವಸಂತದಲ್ಲಿ ಹುಳಿಯನ್ನು ಹೆಚ್ಚಿಸಬೇಕೆಂದು ತಿಳಿಯುವುದು ಸುಲಭವಾದರೂ, 682ರಲ್ಲಿ ನಿಧನನಾದ ವೈದ್ಯ ಸುನ್ ಸಿಮಿಯಾವೊ ಅದಕ್ಕೆ ವಿರುದ್ಧವಾಗಿ, ಆಗ ಹುಳಿಯನ್ನು ಕಡಿಮೆ ಮಾಡಿ ಸಿಹಿಯನ್ನು ಹೆಚ್ಚಿಸಲು ಹೇಳಿದ್ದಾನೆ. ತನ್ನ ಋತುವಿನಲ್ಲಿ ತಾನೇ ಬಲವಾಗಿರುವ ಯಕೃತ್ತನ್ನು ಮತ್ತಷ್ಟು ಉಬ್ಬಿಸಿದರೆ ಅದು ಜೀರ್ಣಶಕ್ತಿಯನ್ನು ಅಡಗಿಸುತ್ತದೆ ಎಂಬುದು ಈ ನಿಯಮದ ಹಿಂದಿನ ತರ್ಕ. ಈ ಪದ್ಧತಿಯ ಸೂಕ್ಷ್ಮತೆ ಇರುವುದೇ ಇಲ್ಲಿ. ಸಿಹಿ ಎಂದರೂ ಸಕ್ಕರೆಯಲ್ಲ, ಗೆಣಸು, ಕೆಂಪು ಖರ್ಜೂರದಂತಹ ಜುಜುಬೆ ಹಣ್ಣು, ಧಾನ್ಯಗಳ ಸಹಜ ಸಿಹಿ.

ಬೇಸಿಗೆಗೆ ಹೆಸರುಕಾಳಿನ ತಿಳಿ ಪ್ರಸಿದ್ಧ. ತೊಳೆದ ಕಾಳನ್ನು ಸಿಪ್ಪೆಸಹಿತ ಹೆಚ್ಚು ನೀರಿನಲ್ಲಿ ಕುದಿಸಿ, ಕಾಳು ಕರಗುವ ಮುನ್ನವೇ ಹಸಿರು ನೀರನ್ನು ಬಸಿದುಕೊಂಡರೆ ಅದು ಸೆಕೆಯನ್ನು ತಗ್ಗಿಸುತ್ತದೆ ಎಂಬ ನಂಬಿಕೆಯಿದೆ. ಹೊಟ್ಟೆ ತಣ್ಣಗಿದ್ದು ಭೇದಿಯಾಗುವವರಿಗೆ ಇದು ಸಲ್ಲದು.

ಶರತ್ಕಾಲದ ಒಣಹವೆಗೆ ಪೇರ್ ಹಣ್ಣಿನ ತಿರುಳನ್ನು ತೋಡಿ, ಕಲ್ಲುಸಕ್ಕರೆ ತುಂಬಿ, ಮೆತ್ತಗಾಗುವವರೆಗೆ ಹಬೆಯಲ್ಲಿ ಬೇಯಿಸುತ್ತಾರೆ. ಶೀತಗುಣದ ಹಣ್ಣು ಬೇಯುವುದರಿಂದ ಸೌಮ್ಯವಾಗುತ್ತದೆಂಬುದು ಇದರ ಆಧಾರ. ಚಳಿಗಾಲಕ್ಕೆ ಕರಿ ಎಳ್ಳು, ಅಕ್ರೋಟು ಸಲ್ಲುತ್ತವೆ. ಹಾನ್ ಕಾಲದ ವೈದ್ಯ ಝಾಂಗ್ ಝೊಂಗ್‌ಜಿಂಗ್‌ನ ಗ್ರಂಥದಲ್ಲಿರುವ, ಕುರಿಮಾಂಸಕ್ಕೆ ಶುಂಠಿ ಮತ್ತು ದಾಂಗ್‌ಗುಯಿ ಬೇರನ್ನು ಹಾಕಿ ಕುದಿಸುವ ಸಾರು ಇಂದಿಗೂ ಬಳಕೆಯಲ್ಲಿದೆ.

ಚೀನೀ ಪಂಚಾಂಗದ ದಿನಾಂಕಗಳನ್ನು ಮಾತ್ರ ಕಣ್ಣುಮುಚ್ಚಿ ಅನುಸರಿಸಬಾರದು. ಹಳದಿ ನದಿಯ ಬಯಲಿನ ಹವೆಗೆ ಹೊಂದಿಸಿದ ಆ ಗಣನೆಯಲ್ಲಿ ಆಗಸ್ಟ್ 7ರ ಆಸುಪಾಸಿಗೇ ಶರತ್ತು ಆರಂಭವಾದರೂ, ಆಗ ಮಲೆನಾಡಿನಲ್ಲಿ ಮಳೆ ಸುರಿಯುತ್ತಿರುವುದರಿಂದ ಅಲ್ಲಿನ ಓದುಗರಿಗೆ ಒಣಹವೆಯ ಪೇರ್‌ಗಿಂತ ತೇವವನ್ನು ನೀಗುವ ಬಿಸಿ ಗಂಜಿಯೇ ಹೆಚ್ಚು ಹೊಂದುತ್ತದೆ. ಈ ಸಿದ್ಧಾಂತ ಆಧುನಿಕ ವೈದ್ಯಪರೀಕ್ಷೆಗಳಿಂದ ಸ್ಥಾಪಿತವಾದುದಲ್ಲವಾದ್ದರಿಂದ ಚಿಕಿತ್ಸೆಯ ಬದಲಿಗೆ ಇದನ್ನು ಬಳಸಬಾರದು. ಮಧುಮೇಹಿಗಳು ಕಲ್ಲುಸಕ್ಕರೆಯನ್ನು ಬಿಡಬೇಕು, ಗರ್ಭಿಣಿಯರು ಮತ್ತು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ವೈದ್ಯರನ್ನು ಕೇಳದೆ ದಾಂಗ್‌ಗುಯಿಯನ್ನು ಮುಟ್ಟಬಾರದು.