ಬಿಡಿಭಾಗಗಳ ವಿಳಂಬ ತಪ್ಪಿಸಲು ಗಣಕಯಂತ್ರ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಪ್ರಮುಖ ತೋಟದ ಬೆಳೆ. ಮುಂಗಾರಿನಲ್ಲಿ ಈ ಬೆಳೆಗೆ ಕೊಳೆರೋಗದ ಭಯ ಇದ್ದದ್ದೇ. ಇದರ ಹತೋಟಿಗೆ ಮಳೆ ಹಿಡಿಯುವ ಮುನ್ನ ಒಮ್ಮೆ, ಅನಂತರ 40-45 ದಿನಗಳ ಅಂತರದಲ್ಲಿ ಇನ್ನೊಮ್ಮೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು. ಎರಡನೆಯ ಸಿಂಪರಣೆಗೆ ಸಿಗುವ ಹೊಳವಿನ ದಿನಗಳು ಕೆಲವೇ. ಆಗ ಪಂಪು ಕೆಟ್ಟು, ಒಂದು ಸೀಲಿಗಾಗಿ ವಾರ ಕಾದರೆ ವರ್ಷದ ಫಸಲು ನೆಲಕ್ಕೆ ಉದುರಬಹುದು.

ವಿಳಂಬ ಎಲ್ಲಿ ಆಗುತ್ತದೆ?

ಬಿಡಿಭಾಗ ಕೈಸೇರಲು ನಾಲ್ಕು ಹಂತಗಳಿವೆ: ಭಾಗವನ್ನು ಗುರುತಿಸುವುದು, ಅದು ಎಲ್ಲಿದೆಯೆಂದು ತಿಳಿಯುವುದು, ಬೇಡಿಕೆ ಕಳುಹಿಸುವುದು ಮತ್ತು ಸಾಗಣೆ. ತಡಕ್ಕೆ ದಾರಿಯೇ ಕಾರಣವೆಂದು ಭಾವಿಸುವುದುಂಟು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದ ದ್ವೀಪದಂತಾದ ತುಮರಿ ಸೀಮೆಯಲ್ಲಿ ಇದು ನಿಜವೂ ಆಗಿತ್ತು. ಸಾಮಾನು ಲಾಂಚಿಗಾಗಿ ಕಾಯಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ತೊಂದರೆ ನೀಗಿತು. ಆದರೆ ಸೇತುವೆ ದಾಟಿ ಬಂದ ಬೆಲ್ಟು ಬೇರೆ ಅಳತೆಯದಾದರೆ ನಾಲ್ಕು ಹಂತಗಳನ್ನೂ ಮೊದಲಿನಿಂದ ನಡೆಸಬೇಕು. ಆದ್ದರಿಂದ ಮೊದಲೆರಡು ಹಂತಗಳನ್ನು ಸರಿಪಡಿಸುವುದು ಅತ್ಯವಶ್ಯಕ.

ಗಣಕಯಂತ್ರ ಕೇಳಬೇಕಾದ ಪ್ರಶ್ನೆಗಳು

ಭಾಗಗಳ ಪಟ್ಟಿಯನ್ನಷ್ಟೇ ತೋರಿಸುವ ಗಣಕಯಂತ್ರ ಸಾಲದು. ರೈತನೊಡನೆ ಕನ್ನಡದಲ್ಲಿ ಪ್ರಶ್ನೋತ್ತರ ನಡೆಸುವ ವ್ಯವಸ್ಥೆ ಬೇಕು. ಯಂತ್ರ ಯಾವ ಕಂಪನಿಯದು, ಮಾದರಿ ಯಾವುದು, ಎಂಜಿನ್ ಸಂಖ್ಯೆ ಎಷ್ಟು ಎಂದು ಅದು ಒಂದೊಂದಾಗಿ ಕೇಳಬೇಕು. ಹೆಸರು ತಿಳಿಯದ ಭಾಗವನ್ನು ಚಿತ್ರ ನೋಡಿ ಆರಿಸುವಂತಿರಬೇಕು. ವಾಲ್ವಿಗೆ ಊರಿಗೊಂದು ಹೆಸರಿದ್ದರೂ ಚಿತ್ರ ಒಂದೇ. ಬೆಲ್ಟಾದರೆ ಮೇಲಿನ ಗುರುತನ್ನು ಕೇಳಬೇಕು. 'ಬಿ 48' ಎಂದರೆ 17 ಮಿ.ಮೀ. ಅಗಲದ, ಒಳ ಅಳತೆ 48 ಅಂಗುಲದ ಬೆಲ್ಟು. 'ಎ 48' ಎಂದರೆ ಅಗಲ 13 ಮಿ.ಮೀ. ಮಾತ್ರ. ಬೇಡಿಕೆ ಹೋಗುವ ಮುನ್ನ ಎಲ್ಲವನ್ನೂ ಓದಿ ಹೇಳಿ ಒಪ್ಪಿಗೆ ಪಡೆಯತಕ್ಕದ್ದು.

ಮೂರು ತಾಲ್ಲೂಕಿಗೆ ಒಂದೇ ದಾಸ್ತಾನು ಪುಸ್ತಕ

ಹೊಸನಗರದಲ್ಲಿ ಸಿಗದ ಸೀಲು ಸಾಗರದ ಅಂಗಡಿಯ ಕಪಾಟಿನಲ್ಲಿ ಇರಬಹುದು. ತಿಳಿದರೆ ಮರುದಿನದ ಬಸ್ಸಿಗೇ ತರಿಸಬಹುದು. ಸಹಕಾರ ಸಂಘಗಳು, ಮಾರಾಟಗಾರರು ಮತ್ತು ಕೃಷಿ ಯಂತ್ರಧಾರೆ ಕೇಂದ್ರಗಳು ಒಂದೇ ದಾಸ್ತಾನು ಲೆಕ್ಕಕ್ಕೆ ಸೇರಿದರೆ ಇದು ಸಾಧ್ಯ. ಮಾರಾಟವಾದ ಕೂಡಲೇ ಲೆಕ್ಕದಿಂದ ಕಳೆಯಬೇಕು. ಇಲ್ಲದಿದ್ದರೆ ಗಣಕಯಂತ್ರವೂ ಸುಳ್ಳು ಹೇಳುತ್ತದೆ.

ಮತ್ತೆ ಯಾವಾಗ ತರಿಸಬೇಕೆಂಬುದಕ್ಕೆ ಸರಳ ಲೆಕ್ಕವಿದೆ. ಉದಾಹರಣೆಗೆ, ಸಿಂಪರಣೆ ಕಾಲದಲ್ಲಿ ದಿನಕ್ಕೆ 2 ಜೊತೆ ಸೀಲು ಖರ್ಚಾಗಿ, ಹೊಸದು ಬರಲು 6 ದಿನ ಹಿಡಿದರೆ 12 ಜೊತೆ ಬೇಕು. ಮಳೆಯಿಂದ ಲಾರಿ ತಡವಾದೀತೆಂದು 4 ಜೊತೆ ಸೇರಿಸಿ. ದಾಸ್ತಾನು 16ಕ್ಕೆ ಇಳಿದೊಡನೆ ಗಣಕಯಂತ್ರ ಎಚ್ಚರಿಸಬೇಕು. ಅಪರೂಪಕ್ಕೆ ಕೆಡುವ, ಬೆಲೆ ಹೆಚ್ಚಿನ ಭಾಗ ಮೂರು ತಾಲ್ಲೂಕಿಗೆ ಒಂದು ಕಡೆ ಇದ್ದರೆ ಸಾಕು.

ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು, ಮೊಬೈಲ್ ಸಂಪರ್ಕ ಎರಡೂ ಕೈಕೊಡುತ್ತವೆ. ಆದ್ದರಿಂದ ಬರೆದ ಬೇಡಿಕೆ ಫೋನಿನಲ್ಲೇ ಉಳಿದು, ಸಂಪರ್ಕ ಬಂದಾಗ ತಾನಾಗಿ ಹೋಗುವಂತಿರಬೇಕು. ಸಾಮಾನ್ಯ ಫೋನಿನಿಂದ ಕರೆ ಮಾಡಿದವರಿಗೂ ಉತ್ತರ ಸಿಗಬೇಕು.

ರೈತರು ಗಮನಿಸಬೇಕಾದ ಅಂಶಗಳು

1. ಯಂತ್ರದ ಮಾದರಿ, ಎಂಜಿನ್ ಸಂಖ್ಯೆ ಹಾಗೂ ಬೆಲ್ಟಿನ ಗುರುತನ್ನು ಬರೆದಿಟ್ಟುಕೊಳ್ಳಿ; ಫೋಟೋ ತೆಗೆದಿಡಿ.

2. ಮೇ ತಿಂಗಳಿನಲ್ಲೇ ಪಂಪನ್ನು ನೀರು ಹಾಕಿ ಓಡಿಸಿ ನೋಡಿ. ಒಂದು ಜೊತೆ ಸೀಲು, ಒಂದು ಬೆಲ್ಟು ಮನೆಯಲ್ಲಿರಲಿ.

3. ಸುಣ್ಣದ ತಿಳಿಯನ್ನು ಬಟ್ಟೆಯಲ್ಲಿ ಸೋಸಿ. ಹರಳಿನಿಂದ ಸೀಲು, ವಾಲ್ವು ಸವೆಯುತ್ತವೆ. ಮೈಲುತುತ್ತ ಕಬ್ಬಿಣವನ್ನು ತಿನ್ನುವುದರಿಂದ ಕೆಲಸ ಮುಗಿದೊಡನೆ ಶುದ್ಧ ನೀರು ಹಾಯಿಸಿ ತೊಳೆಯಿರಿ.

4. ಹಳೆಯ ಭಾಗವನ್ನು ಎಸೆಯದೆ ಅಂಗಡಿಗೆ ಒಯ್ಯಿರಿ.

ವಿಸ್ತರಣಾ ಕಾರ್ಯಕರ್ತರು ಮಳೆಗೆ ಮೊದಲು ತಮ್ಮ ಹಳ್ಳಿಗಳ ಪಂಪುಗಳ ಮಾದರಿವಾರು ಪಟ್ಟಿಯನ್ನು ಸಹಕಾರ ಸಂಘಕ್ಕೆ ಕೊಟ್ಟರೆ, ಯಾವ ಭಾಗ ಎಷ್ಟು ತರಿಸಬೇಕೆಂಬುದು ಮುಂಚಿತವಾಗಿಯೇ ತಿಳಿಯುತ್ತದೆ. ಗಣಕಯಂತ್ರ ಬರುವವರೆಗೆ ಈ ಕೆಲಸಕ್ಕೆ ಒಂದು ನೋಟುಪುಸ್ತಕವೂ ಸಾಕು.